ಎರಡನೇ ಶನಿವಾರದ ನಡಾವಳಿ

ಕಾರ್ಯದರ್ಶಿ ಎಂದರೆ ದೊಡ್ಡದೇನಲ್ಲ,
ಬೀಗದ ಕೈ ನನ್ನ ಬಳಿ ಇರುತ್ತದೆ, ಅಷ್ಟೆ.
ವಿರಾಜಪೇಟೆಯ ಜೇನು ಸಂಘದ ಮಹಡಿ,
ಹದಿನಾಲ್ಕು ಕುರ್ಚಿ, ಅದರಲ್ಲಿ ಎರಡಕ್ಕೆ ಕೈಯಿಲ್ಲ,
ಕೆಳಗಿನ ಡಬ್ಬಗಳಿಂದ ಮೆಟ್ಟಿಲೇರಿ ಬರುವ ಮೇಣದ ವಾಸನೆ.
ಐದಕ್ಕೆ ಸಭೆ ಎಂದರೆ ಐದೂಮುಕ್ಕಾಲು.

ಹಾಜರಿ ಪುಸ್ತಕದಲ್ಲಿ ಮೊದಲ ಹೆಸರು ಸದಾ ಹಂಸ.
ಆಟೋ ಓಡಿಸುವ ಹಂಸ. ಹೊಸಬರಿಗೆಲ್ಲ ತಾನೇ ಹೇಳುತ್ತಾನೆ,
"ಕೊಡಗಿನಲ್ಲಿ ಹಂಸ ಕಂಡವರು ನೀವೊಬ್ಬರೇ, ಬರೆದುಕೊಳ್ಳಿ."
ಆಮೇಲೆ ಫಿಲೋಮಿನಾ ಟೀಚರ್, ಅವರ ಕೊಡೆ,
ಪರೀಕ್ಷೆ ಹತ್ತಿರವಿರದ ತಿಂಗಳು ಇಬ್ಬರು ಹುಡುಗಿಯರು,
ಕೊನೆಗೆ, ಮೆಟ್ಟಿಲಲ್ಲಿ ಎರಡು ಸಲ ನಿಂತು, ಪೆಮ್ಮಯ್ಯ.
ಎಂಬತ್ತೊಂದು. ಸಂಘ ಕಟ್ಟಿದವರು.
ಒಂದು ಕಾಲಕ್ಕೆ ಹಸಿರು ಪಾರಿವಾಳವನ್ನು
ಸಾರಿನ ಲೆಕ್ಕದಲ್ಲಿ ಎಣಿಸುತ್ತಿದ್ದವರು.
(ಅದನ್ನು ಅವರೇ ಹೇಳುತ್ತಾರೆ, ನಾವು ಕೇಳುವುದಿಲ್ಲ.)

ಅತಿಥಿಗಳು ಬಂದಿದ್ದಾರೆ ಬಗೆಬಗೆಯವರು.
ಮಂಗಟ್ಟೆಯ ಬಗ್ಗೆ ಎಂದು ಎರಡು ಗಂಟೆ
ತಮ್ಮ ಕ್ಯಾಮೆರಾದ ಬಗ್ಗೆ ಮಾತಾಡಿದವರು;
ಗೂಬೆಯ ಚಿತ್ರ ಪರದೆಗೆ ಬಂದ ಗಳಿಗೆಗೇ ಕರೆಂಟು ಹೋಗಿ
"ಇನ್ನು ನೀವೇ ಊಹಿಸಿಕೊಳ್ಳಿ" ಎಂದು ಕೂತವರು;
ಮಾಕುಟ್ಟದ ದಾರಿಯಲ್ಲಿ ಆನೆ ನಿಂತು
ಫೋನಿನಲ್ಲೇ ಭಾಷಣ ಮುಗಿಸಿದವರು.
ಎಲ್ಲರಿಗೂ ಒಂದು ಬಾಟಲಿ ಜೇನು, ಒಂದು ಪೊಟ್ಟಣ ಒಳ್ಳೆಮೆಣಸು.
ವಂದನಾರ್ಪಣೆ ನನ್ನದು.

ಇವತ್ತು ಬಂದವರು ಧಾರವಾಡದ ಶಾಂತಲಾ ಮುದಕವಿ.
ಪರದೆ ಬೇಡ ಅಂದರು, ದನಿಯನ್ನಷ್ಟೇ ಹಿಡಿಯುವವರು.
ರೊಟ್ಟಿಯಗಲದ ಸ್ಪೀಕರನ್ನು ಮೇಜಿಗಿಟ್ಟು
ದೀಪ ಆರಿಸಿದರು.
ಕುಟುರ ಬಂತು. ನಕ್ಕೆವು, ಅದು ಕಿಟಕಿಯಾಚೆಗೂ ಇತ್ತು.
ಸಿಳ್ಳಾರ ಬಂತು, ನಡುವೆ ಮರೆತು, ತಡವರಿಸಿ, ಮತ್ತೆ ಮೊದಲಿಂದ.
"ಇದು ನಿಮ್ಮ ಬದನಿಕೆ ಹಕ್ಕಿ, ಕೇಳ್ರಿ."
ಕತ್ತಲಲ್ಲಿ ಚಿಕ್ ಚಿಕ್ ಚಿಕ್,
ಸೂಜಿಯಿಂದ ಗಾಜು ಗೀರಿದಷ್ಟು ಸಣ್ಣಗೆ.
ಟೀಚರ್ "ಹ್ಞಾಂ, ಅದೇ" ಎಂದರು.
ಮುಗಿಯಿತು.
ಪೆಮ್ಮಯ್ಯ ಕೇಳಿದರು: "ಯಾವಾಗ ಶುರು ಮಾಡ್ತೀರಿ?"

ಯಾರೂ ಉಸಿರೆತ್ತಲಿಲ್ಲ.
ಅವರು ಮತ್ತೊಮ್ಮೆ ಹಾಕಿದರು, ದನಿ ಏರಿಸಿ.
ಬೀದಿಯ ನಾಯಿ ಕೂಡ ಕಿವಿ ನಿಮಿರಿಸಿರಬೇಕು.
"ಯಂತ್ರ ಕೆಟ್ಟಿದೆಯೇನೋ," ಎಂದರು ಪೆಮ್ಮಯ್ಯ.
ಹಂಸ ಎದ್ದು ದೀಪ ಹಾಕಿದ.

ನಾನು ಕಪಾಟು ತೆಗೆದೆ. ಬೇಡವಾಗಿತ್ತು, ತೆಗೆದೆ.
ಪೆಮ್ಮಯ್ಯನ ತೋಟದ ಎಣಿಕೆ ಪುಸ್ತಕ,
ನೀಲಿ ಶಾಯಿ, ಬಾಗಿದ ಅಕ್ಷರ, ಪ್ರತಿ ಭಾನುವಾರ:
ಬದನಿಕೆ ಹಕ್ಕಿ, ಎಂಟು. ಐದು. ಒಂದು.
ಸೊನ್ನೆ. ಸೊನ್ನೆ. ಸೊನ್ನೆ.
ಇದನ್ನೇ ಹಿಡಿದು ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟಿದ್ದೆವು,
ಪಕ್ಕದ ತೋಟದ ಔಷಧಿ ಸಿಂಪಡಣೆಯನ್ನು ದೂರಿ.
ಅವರು ಮಗಳ ಮದುವೆಗೆ ನಮ್ಮಲ್ಲಿ ಯಾರನ್ನೂ ಕರೆಯಲಿಲ್ಲ.

ಪೆಮ್ಮಯ್ಯ ಪುಟ ನೋಡಿದರು,
ಕನ್ನಡಕ ಒರೆಸಿ ಮತ್ತೆ ನೋಡಿದರು.
ಎಡಗಿವಿ ಮುಟ್ಟಿಕೊಂಡು ಅಂದರು,
"ಕೈಲ್ ಮುಹೂರ್ತಕ್ಕೆ ತೆಂಗಿನಕಾಯಿಗೆ ಗುಂಡು,
ಐವತ್ತು ವರ್ಷ. ಬಿಲ್ಲು ಈಗ ಬಂತು."
ತುಸು ತಡೆದು: "ಹಾಗಾದರೆ ಅದು ಇದೆಯಾ?"
"ಇದೆ ಅಜ್ಜ," ಎಂದಳು ಸಣ್ಣ ಹುಡುಗಿ,
"ಬರುವಾಗ ನಿಮ್ಮ ಗೇಟಿನ ಮೇಲೇ ಇತ್ತು."
"ಇದೆಯಂತೆ," ಎಂದು ಅವರು ಹಂಸನಿಗೆ ತಿಳಿಸಿದರು,
ಕೇಳಿಸದೇ ಹೋದದ್ದು ಅವನಿಗೆ ಎಂಬಂತೆ.

ಈಗ ರಾತ್ರಿ. ನಡಾವಳಿ ಬರೆಯುತ್ತಿದ್ದೇನೆ.
ಹಾಜರಿ ಒಂಬತ್ತು. ಬೆಲ್ಲದ ಕಾಪಿ ಹತ್ತು ಲೋಟ, ಒಂದು ಚೆಲ್ಲಿತು.
ನಿರ್ಣಯ ಒಂದು: ಪಕ್ಕದ ತೋಟಕ್ಕೆ ಹೋಗಿ
ತಪ್ಪಾಯಿತು ಎನ್ನುವುದು. ಜೇನು ಒಯ್ಯುವುದು.
ನಿರ್ಣಯ ಎರಡು: ಭಾನುವಾರದ ಎಣಿಕೆಗೆ
ಪೆಮ್ಮಯ್ಯನ ಜೊತೆ ಸಣ್ಣ ಹುಡುಗಿ ಹೋಗುವುದು,
ಅವಳು ಕೇಳುವುದು, ಅವರು ಕೊಂಬೆಯಲ್ಲಿ ಹುಡುಕಿ ತೋರಿಸುವುದು.

ಸೊನ್ನೆಗಳ ಬಗ್ಗೆ ನಿರ್ಣಯವಾಗಲಿಲ್ಲ.
ಹೊಡೆದುಹಾಕಲು ಪೆಮ್ಮಯ್ಯ ಬಿಡಲಿಲ್ಲ.
"ಅಂದು ನನಗೆ ಕೇಳಿದ್ದು ಅಷ್ಟೇ. ಸುಳ್ಳು ಬರೆದಿಲ್ಲ."
ಆದ್ದರಿಂದ ಅವು ಹಾಗೇ ಇವೆ ಪುಟದ ತುಂಬ,
ಸಣ್ಣಗೆ, ದುಂಡಗೆ,
ಆ ಹಕ್ಕಿ ತಿನ್ನುವ ಬದನಿಕೆ ಹಣ್ಣಿನ ಗಾತ್ರಕ್ಕೆ.

ಮುಂದಿನ ಸಭೆ ಹದಿನಾಲ್ಕಕ್ಕೆ.
ಅತಿಥಿ ಇನ್ನೂ ಸಿಕ್ಕಿಲ್ಲ.